ಹಳೆ ನೀರಿನ ಪೈಪು, ಕಂಪ್ಯೂಟರ್ ನಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರುಗಳ ಕುಡಿಯುವ ನೀರಿನ ಪೈಪುಗಳನ್ನು ಕಂಪ್ಯೂಟರ್ ನಕ್ಷೆಗೆ ಏರಿಸುವುದು ನನ್ನ ಕೆಲಸ. ಇಂಜಿನಿಯರುಗಳು, ವಾಲ್ವ್‌ಮ್ಯಾನ್‌ಗಳು, ವಾರ್ಡ್ ಸದಸ್ಯರು, ಅಗೆದ ಗುಂಡಿ ಪಕ್ಕ ಬಿಂದಿಗೆ ಹಿಡಿದು ನಿಂತ ಮನೆಯವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದ್ದು, ಕೊನೆಗೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಬೇಕಾದದ್ದು.

## ಶುರುವಿನ ಪ್ರಶ್ನೆಗಳು

ಜಿಐಎಸ್ ಅಂದ್ರೆ ಏನು? ನಮ್ಮ ಹತ್ರ ಆಟೋಕ್ಯಾಡ್ ಡ್ರಾಯಿಂಗ್ ಇದೆಯಲ್ಲ, ಸಾಲದಾ?

ಡ್ರಾಯಿಂಗಿನಲ್ಲಿ ಪೈಪು ಅಂದರೆ ಒಂದು ಗೆರೆ. ಅದಕ್ಕೆ ಬಣ್ಣ ಇರುತ್ತದೆ, ಪಕ್ಕದಲ್ಲಿ '150 ಎಂಎಂ ಸಿಐ' (ಸಿಐ ಅಂದರೆ ಬೀಡು ಕಬ್ಬಿಣ) ಅಂತ ಬರಹ ಇರುತ್ತದೆ. ಅಷ್ಟೇ. ಜಿಐಎಸ್‌ನಲ್ಲಿ ಅದೇ ಗೆರೆ ಭೂಮಿಯ ಮೇಲಿನ ತನ್ನ ಜಾಗದಲ್ಲಿ ಕೂತಿರುತ್ತದೆ. ಅದರ ಹಿಂದೆ ಒಂದು ಪಟ್ಟಿ ಇರುತ್ತದೆ: ಅಗಲ ಎಷ್ಟು, ಬೀಡು ಕಬ್ಬಿಣವೋ ಪಿವಿಸಿಯೋ, ಯಾವಾಗ ಹಾಕಿದ್ದು, ಎಷ್ಟು ಸಲ ಒಡೆದಿದೆ, ಯಾವ ವಾಲ್ವ್ ಮುಚ್ಚಿದರೆ ನಿಲ್ಲುತ್ತದೆ. ಹಾಗಾಗಿ '1980ಕ್ಕಿಂತ ಹಿಂದಿನ, ಮೂರಕ್ಕಿಂತ ಜಾಸ್ತಿ ಸಲ ಒಡೆದ, ಆಸ್ಪತ್ರೆ ರಸ್ತೆಯ ಪೈಪುಗಳನ್ನು ತೋರಿಸು' ಅಂತ ಕೇಳಬಹುದು. ಡ್ರಾಯಿಂಗನ್ನು ಅದೆಷ್ಟು ಹೊತ್ತು ನೋಡಿದರೂ ಅದು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹಾಗಂತ ಅದನ್ನು ಎಸೆಯಬೇಡಿ. ಹೊಸ ನಕ್ಷೆಯ ಮೊದಲ ಪದರ ಅದೇ.

ನಾನು ಗೂಗಲ್ ಮ್ಯಾಪಲ್ಲಿ ವಾಲ್ವ್‌ಗೆಲ್ಲ ಪಿನ್ ಹಾಕ್ಕೊಂಡಿದ್ದೀನಿ. ಇನ್ನೇನು ಬೇಕು?

ಒಳ್ಳೆ ಕೆಲಸ, ಬಹಳ ಕಡೆ ಅದೂ ಇಲ್ಲ. ಆದರೆ ಪಿನ್ನಿಗೂ ಪಿನ್ನಿಗೂ ನಡುವೆ ಪೈಪಿನ ಸಂಬಂಧ ಅದರಲ್ಲಿ ಬರುವುದಿಲ್ಲ. ಇನ್ನೊಂದು ತೊಂದರೆ, ಆ ಪಿನ್‌ಗಳು ನಿಮ್ಮ ಸ್ವಂತ ಖಾತೆಯಲ್ಲಿವೆ. ನಿಮಗೆ ವರ್ಗ ಆದ ದಿನ ಊರಿನ ನಕ್ಷೆಯೂ ನಿಮ್ಮ ಜೊತೆ ಬಸ್ ಹತ್ತುತ್ತದೆ. ಅವನ್ನು ಕೆಎಂಎಲ್ (ನಕ್ಷೆಯ ಗುರುತುಗಳನ್ನು ಹಿಡಿದಿಡುವ) ಕಡತವಾಗಿ ತೆಗೆದು ಕಚೇರಿಯ ಕಂಪ್ಯೂಟರಿಗೆ ಹಾಕಿ. ಅಲ್ಲಿಂದ ಮುಂದುವರಿಸಬಹುದು.

ಸಾಫ್ಟ್‌ವೇರ್ ಲೈಸೆನ್ಸೇ ಲಕ್ಷಗಟ್ಟಲೆ ಅಂತಾರಲ್ಲ, ನಮ್ಮ ಪುರಸಭೆಗೆ ಆಗುತ್ತಾ?

ಕ್ಯೂಜಿಐಎಸ್ ಪುಕ್ಕಟೆ. 2002ರಲ್ಲಿ ಶುರುವಾದದ್ದು, ಇವತ್ತು ದೊಡ್ಡ ಸಂಸ್ಥೆಗಳೂ ಬಳಸುತ್ತವೆ. ಫೋನಿನಲ್ಲಿ ಮಾಹಿತಿ ತುಂಬಲು ಕ್ಯೂಫೀಲ್ಡ್ ಇದೆ. ನೀರಿನ ಒತ್ತಡದ ಲೆಕ್ಕಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಇಪಿಎನೆಟ್ ಇದೆ, ಅದೂ ಪುಕ್ಕಟೆ. ರಸ್ತೆ, ಗಡಿಗಳಂಥ ತಳ ನಕ್ಷೆಯನ್ನು ಮೊದಲಿಂದ ಬರೆಯಬೇಕಿಲ್ಲ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್‌ನಲ್ಲಿ ಏನಿದೆ ಅಂತ ಮೊದಲು ನೋಡಿ. ನಿಜವಾದ ಖರ್ಚು ಸರ್ವೆಗೆ, ಆಮೇಲೆ ನಕ್ಷೆಯನ್ನು ದಿನಾ ತಿದ್ದುವ ಒಬ್ಬರ ಸಂಬಳಕ್ಕೆ. ಟೆಂಡರಿನಲ್ಲಿ ಮೊದಲನೆಯದು ಇರುತ್ತದೆ. ಎರಡನೆಯದನ್ನು ಯಾರೂ ಹಾಕುವುದಿಲ್ಲ.

ಈ ನಕ್ಷೆ ಬಂದ್ರೆ ನಮ್ ಕೆಲ್ಸ ಹೋಗ್ತದಾ ಸಾರ್?

ಇದನ್ನು ಕೇಳಿದವರು 30 ವರ್ಷ ವಾಲ್ವ್ ತಿರುಗಿಸಿದವರು. ಹಿಂದೆ ಕೆರೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ತೂಬು ತೆರೆಯಬೇಕು ಅನ್ನುವುದು ಅವನ ತಲೆಯಲ್ಲಿತ್ತು. ಈಗಿನ ನೀರಗಂಟಿ ನಮ್ಮ ವಾಲ್ವ್‌ಮ್ಯಾನ್. ಊರಿನ ಪೈಪಿನ ನಕ್ಷೆ ಅರ್ಧಕ್ಕರ್ಧ ಇವರ ತಲೆಯಲ್ಲಿದೆ. ಹಾಗಾಗಿ ನನ್ನ ಸರ್ವೆ ಶುರುವಾಗುವುದೇ ಇವರ ಬೈಕಿನ ಹಿಂದಿನ ಸೀಟಿನಲ್ಲಿ. ಬೆಳಗ್ಗೆ ಐದಕ್ಕೆ ಹೊರಟರೆ ಅವರು ತೋರಿಸುತ್ತಾ ಹೋಗುತ್ತಾರೆ: 'ಇದು ಆರಿಂಚು. ಇದು ಸತ್ತೋಗೈತೆ. ಇದನ್ನ ಮುಟ್ಟಬ್ಯಾಡಿ ಸಾರ್, ತಿರುಗಿಸಿದ್ರೆ ಮತ್ತೆ ಮುಚ್ಚಕ್ಕಿಲ್ಲ.' ಆ ಮೂರನೇ ಮಾತು ಯಾವ ಡ್ರಾಯಿಂಗಿನಲ್ಲಿ ಸಿಗುತ್ತೆ ಹೇಳಿ?

ನಕ್ಷೆ ವಾಲ್ವ್ ತಿರುಗಿಸುವುದಿಲ್ಲ. ಆದರೆ ಗುತ್ತಿಗೆ ಮೇಲಿರುವವರ ಭಯ ಸುಮ್ನೆ ಅಲ್ಲ. ತನಗೆ ಮಾತ್ರ ಗೊತ್ತಿರುವ ವಿಷಯವೇ ಅವರಿಗಿರುವ ಒಂದೇ ಭದ್ರತೆ, ಅದನ್ನು ಕೊಟ್ಟುಬಿಡಿ ಅಂತ ನಾವು ಕೇಳುತ್ತಿದ್ದೇವೆ. ಅದಕ್ಕೇ ನಾನು ಎರಡು ಷರತ್ತು ಹಾಕುತ್ತೇನೆ. ಸರ್ವೆಗೆ ಅವರು ಕೊಡುವ ಹೊತ್ತಿಗೆ ಬೇರೆ ಕೂಲಿ ಕೊಡಬೇಕು. ಪಟ್ಟಿಯಲ್ಲಿ 'ಹೇಳಿದವರು' ಅನ್ನುವ ಕಾಲಂನಲ್ಲಿ ಅವರ ಹೆಸರು ಇರಬೇಕು.

## ಬೀದಿಗೆ ಇಳಿದಾಗ

ಹಳೆ ಡ್ರಾಯಿಂಗ್ ಪ್ರಕಾರ ಅಗೆದ್ವಿ, ಪೈಪೇ ಸಿಗಲಿಲ್ಲ. ಯಾಕೆ ಹೀಗೆ?

ನನಗೂ ಆಗಿದೆ. ಒಂದು ಊರಿನಲ್ಲಿ ಡ್ರಾಯಿಂಗ್ ನಂಬಿ ನಾನೇ ಗುರುತು ಹಾಕಿಕೊಟ್ಟೆ. ಜೆಸಿಬಿ ಆರು ಅಡಿ ತೋಡಿತು. ಬರೀ ಮಣ್ಣು. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಹಳೆ ವಾಲ್ವ್‌ಮ್ಯಾನ್ ಎದ್ದು ಬಂದು, 'ಅದು ಹುಣಸೆಮರದ ಆಚೆ ಐತೆ' ಅಂದರು. ಮರ ಕಡಿದು ಯಾವುದೋ ಕಾಲವಾಗಿತ್ತು. ಅವರು ಕಾಲಿಟ್ಟು ತೋರಿಸಿದ ಕಡೆ ಅಗೆದರೆ ಪೈಪು ಸಿಕ್ಕಿತು, ನನ್ನ ಗುರುತಿನಿಂದ ಮೂರು ಮೀಟರ್ ದೂರದಲ್ಲಿ.

ಆಗಿದ್ದಿಷ್ಟು. ಡ್ರಾಯಿಂಗಿನಲ್ಲಿ 'ರಸ್ತೆ ಅಂಚಿನಿಂದ 1.2 ಮೀಟರ್' ಅಂತಿತ್ತು. ಆಮೇಲೆ ರಸ್ತೆ ಅಗಲ ಮಾಡಿದರು. ಪೈಪು ಇದ್ದಲ್ಲೇ ಇತ್ತು, ಅಂಚು ಜರುಗಿತ್ತು. ಹಳೆ ಹಾಳೆಯನ್ನು ನಕ್ಷೆಗೆ ಕೂರಿಸುವಾಗ ರಸ್ತೆ ಅಂಚು, ಚರಂಡಿ, ಕಾಂಪೌಂಡು ನಂಬಬೇಡಿ. ದೇವಸ್ಥಾನ, ಹಳೆ ಶಾಲೆಯ ಮೂಲೆ, ರೈಲ್ವೆ ಸೇತುವೆಯ ಕಂಬ, ಕಲ್ಲಿನ ಬಾವಿ ಇಂಥವನ್ನು ಹಿಡಿಯಿರಿ. ನಾಲ್ಕೈದು ಕಡೆ ಗುಂಡಿ ತೆಗೆದು ನೋಡಿದ ಮೇಲೆ ಉಳಿದದ್ದನ್ನು ನಂಬಿ. ಇನ್ನು, ಡಾಂಬರಿನ ಮೇಲೆ ಡಾಂಬರು ಬಿದ್ದು ಮುಚ್ಚಿಹೋದ ವಾಲ್ವ್ ಚೇಂಬರುಗಳ ಕಬ್ಬಿಣದ ಮುಚ್ಚಳ ಹುಡುಕಲು ಮೆಟಲ್ ಡಿಟೆಕ್ಟರ್ ಸಾಕು.

ಫೋನಿನ ಜಿಪಿಎಸ್ ಸಾಕಾ, ದೊಡ್ಡ ಮಿಷನ್ನೇ ಬೇಕಾ?

ಬಯಲಲ್ಲಿ ಫೋನು ಮೂರರಿಂದ ಐದು ಮೀಟರ್ ಒಳಗೆ ತೋರಿಸುತ್ತದೆ. ಪೇಟೆಯ ಗಲ್ಲಿಯಲ್ಲಿ, ಎರಡೂ ಕಡೆ ಮೂರು ಮಹಡಿ ಇದ್ದರೆ, ಪಕ್ಕದ ಬೀದಿಗೇ ಹಾರಬಹುದು. ದೂರು ಎಲ್ಲಿಂದ ಬಂತು ಅಂತ ಗುರುತಿಸಲು ಅದು ಸಾಕು, ಅಗೆಯಲು ಸಾಲದು. ವಾಲ್ವ್‌ಗಳಿಗೆ ಆರ್‌ಟಿಕೆ ಅನ್ನುವ ನಿಖರ ಜಿಪಿಎಸ್ ಉಪಕರಣ ಒಂದೆರಡು ವಾರ ಬಾಡಿಗೆಗೆ ತನ್ನಿ, ಎರಡು ಮೂರು ಸೆಂಟಿಮೀಟರ್ ಒಳಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಟೇಪು ಹಿಡಿದು ಎರಡು ಗಟ್ಟಿ ಕಟ್ಟಡದ ಮೂಲೆಗಳಿಂದ ಅಳತೆ ಬರೆದಿಡಿ.

ಒಂದು ಎಚ್ಚರಿಕೆ. ನಕ್ಷೆಗೆಂದು ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುವ ಯುಟಿಎಂ ಲೆಕ್ಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ 43ನೇ ವಲಯ. ಆದರೆ ವಲಯದ ಗಡಿ 78 ಡಿಗ್ರಿ ರೇಖಾಂಶ. ಕೋಲಾರ, ಕೆಜಿಎಫ್, ಮುಳಬಾಗಿಲು ಅದರ ಆಚೆ, 44ರಲ್ಲಿ ಬೀಳುತ್ತವೆ. ಬೆಂಗಳೂರಿನ ಕಡತವನ್ನು ನಕಲು ಮಾಡಿ ಕೋಲಾರದಲ್ಲಿ ಕೆಲಸ ಶುರು ಮಾಡುವವರು ಇದನ್ನು ಮೊದಲು ನೋಡಿಕೊಳ್ಳಿ.

ನೆಲ ಅಗೆಯದೇ ಪೈಪು ಪತ್ತೆ ಮಾಡೋ ಮಿಷನ್ ಇದೆಯಂತಲ್ಲ?

ಇದೆ, ಎಲ್ಲ ಕಡೆ ನಡೆಯುವುದಿಲ್ಲ. ವಿದ್ಯುತ್ ಸಂಕೇತ ಹಿಡಿಯುವ ಲೊಕೇಟರ್ ಕಬ್ಬಿಣದ ಪೈಪಿಗೆ ಸರಿ, ಪಿವಿಸಿ ಮತ್ತು ಆಸ್ಬೆಸ್ಟಾಸ್ ಸಿಮೆಂಟ್ ಪೈಪಿಗೆ ಉಪಯೋಗವಿಲ್ಲ. ನೆಲದೊಳಗೆ ಇಣುಕುವ ರೇಡಾರ್ ಒಣ ಮರಳು ಮಣ್ಣಿನಲ್ಲಿ ಚೆನ್ನಾಗಿ ಕಾಣಿಸುತ್ತದೆ. ಗದಗ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ, ಅದೂ ಮಳೆ ಬಿದ್ದ ಮೇಲೆ, ಅಲೆಗಳು ಮೇಲಿನ ಪದರದಲ್ಲೇ ಇಂಗಿಹೋಗುತ್ತವೆ. ಅದೇ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತಾ ಪೈಪಿನ ಜಾಯಿಂಟುಗಳನ್ನು ಎಳೆದಾಡುತ್ತದೆ. ಅಂದರೆ ಜಾಸ್ತಿ ಒಡೆಯುವ ಕಡೆಯೇ ರೇಡಾರಿಗೆ ಕಮ್ಮಿ ಕಾಣುತ್ತದೆ. ಮಣ್ಣಿನ ಪದರವನ್ನೂ ನಕ್ಷೆಗೆ ಹಾಕಿ ಅನ್ನುವುದು ಇದಕ್ಕೇ.

ಪೈಪು ಹಾಕಿದ ವರ್ಷ ಯಾರಿಗೂ ಗೊತ್ತಿಲ್ಲ. ಆ ಕಾಲಂ ಖಾಲಿ ಬಿಡಲಾ?

ಖಾಲಿ ಬಿಡಬೇಡಿ, ಸುಳ್ಳೂ ಬರೆಯಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ: 'ಕಣ್ಣಾರೆ', 'ದಾಖಲೆ', 'ಹೇಳಿಕೆ', 'ಅಂದಾಜು'. ಅಂದಾಜಿಗೆ ದಾರಿಗಳಿವೆ. ಬಡಾವಣೆ ಯಾವಾಗ ಆಯಿತು? ಜಾಯಿಂಟಿಗೆ ಸೀಸ ಹೊಯ್ದ ಬೀಡು ಕಬ್ಬಿಣದ ಪೈಪೇ? ಹಾಗಿದ್ದರೆ ಹಳೆಯದು. ಡಿಐ (ಡಕ್ಟೈಲ್ ಕಬ್ಬಿಣದ) ಪೈಪೇ? ಅದು ನಮ್ಮಲ್ಲಿ ಬಳಕೆಗೆ ಬಂದದ್ದು ಹೆಚ್ಚಾಗಿ 1990ರ ದಶಕದ ನಂತರ. ಬೆಂಗಳೂರಿನಂಥ ಊರಿನಲ್ಲಿ ನೀರಿನ ಯೋಜನೆಗಳೇ ಕಾಲ ಹೇಳುತ್ತವೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ. ಒಂದು ಬಡಾವಣೆಗೆ ಯಾವ ಹಂತದಲ್ಲಿ ನೀರು ಬಂತು ಅಂತ ಗೊತ್ತಾದರೆ ಪೈಪಿನ ವಯಸ್ಸು ಹೆಚ್ಚುಕಮ್ಮಿ ಸಿಕ್ಕಂತೆ.

ಹೊಸ ಪೈಪು ಹಾಕಿದ್ಮೇಲೆ ಹಳೇದನ್ನ ನಕ್ಷೆಯಿಂದ ಅಳಿಸಬಹುದಲ್ವಾ?

ಬೇಡ! ಹೊಸ ಲೈನ್ ಎಳೆದಾಗ ಹಳೆಯದನ್ನು ಯಾರೂ ಕಿತ್ತು ತೆಗೆಯುವುದಿಲ್ಲ, ಮಣ್ಣಲ್ಲೇ ಬಿಡುತ್ತಾರೆ. ಗುತ್ತಿಗೆದಾರರು ಮನೆ ಸಂಪರ್ಕಗಳನ್ನೆಲ್ಲ ಹೊಸದಕ್ಕೆ ಬದಲಾಯಿಸಿದೆವು ಅಂತ ಬಿಲ್ ಮಾಡಿರುತ್ತಾರೆ. ಬೀದಿಯ ಕೊನೆಯ ನಾಲ್ಕು ಮನೆ ಹಳೆಯದರಲ್ಲೇ ಉಳಿದಿರುತ್ತವೆ. ಆಮೇಲೆ ಎರಡೂ ಪೈಪಿನಲ್ಲಿ ನೀರು, ಎರಡರಲ್ಲೂ ಸೋರಿಕೆ. 'ಬಿಟ್ಟ ಪೈಪು' ಅಂತ ಬೂದು ಬಣ್ಣದಲ್ಲಿ ಇಟ್ಟುಕೊಳ್ಳಿ. ಎರಡೂ ತುದಿಗೆ ಮುಚ್ಚಳ ಹೊಡೆದ ದಿನ ಮತ್ತು ಫೋಟೋ ಇದ್ದರೆ ಮಾತ್ರ ಅದು ಸತ್ತ ಪೈಪು.

ಒಂದು ವಾಲ್ವ್ ಬಗ್ಗೆ ಏನೇನು ಬರೆದಿಡಬೇಕು?

ಜಾಗ, ಅಗಲ, ಯಾವ ಪೈಪಿನದು, ಈಗ ತೆರೆದಿದೆಯೋ ಮುಚ್ಚಿದೆಯೋ ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಇನ್ನೆರಡು ಬೇಕು. ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ, ಯಾಕೆಂದರೆ ಉಲ್ಟಾ ತಿರುಗುವ ವಾಲ್ವ್‌ಗಳೂ ಇವೆ. ಎರಡನೆಯದು, ಪೂರ್ತಿ ಮುಚ್ಚಲು ಎಷ್ಟು ಸುತ್ತು. ಆರಿಂಚಿನ ಸ್ಲೂಸ್ ವಾಲ್ವ್‌ಗೆ ಸುಮಾರು 20 ಸುತ್ತು ಬೇಕಾಗುತ್ತದೆ. 12ಕ್ಕೇ ಗಟ್ಟಿಯಾಗಿ ನಿಂತರೆ ಅದು ಮುಚ್ಚಿಲ್ಲ, ಒಳಗೆ ಕಚ್ಚಿಕೊಂಡಿದೆ. 'ವಾಲ್ವ್ ಮುಚ್ಚಿದ್ದೀವಿ, ನೀರು ನಿಲ್ತಾನೇ ಇಲ್ಲ' ಅನ್ನುವ ಅರ್ಧರಾತ್ರಿಯ ಫೋನ್‌ಗಳಲ್ಲಿ ಹೆಚ್ಚಿನವು ಈ ತರದವು.

## ಸೋರಿಕೆ, ದೂರು, ಅಗೆತ

'ಲೆಕ್ಕಕ್ಕೆ ಸಿಗದ ನೀರು' ಅಂದ್ರೆ ಕಳ್ಳತನಾನಾ?

ಅದೂ ಒಂದು ಪಾಲು. ಬಿಟ್ಟ ನೀರಿನಲ್ಲಿ ಬಿಲ್ ಆಗದೆ ಉಳಿದದ್ದೆಲ್ಲ ಇದರಲ್ಲಿ ಬರುತ್ತದೆ: ಪೈಪಿನ ಸೋರಿಕೆ, ಟ್ಯಾಂಕ್ ತುಂಬಿ ಹರಿದದ್ದು, ನಿಧಾನ ಓಡುವ ಹಳೆ ಮೀಟರ್, ಅಕ್ರಮ ಸಂಪರ್ಕ, ಬೀದಿ ನಲ್ಲಿ. 2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಇದಕ್ಕೆ ಇಟ್ಟ ಗುರಿ 20 ಶೇಕಡಾ. ನಕ್ಷೆ ಇಲ್ಲಿ ಮಾಡುವ ಕೆಲಸ ಸರಳ. ಪ್ರತಿ ಬಿಲ್ಲನ್ನೂ ಅದರ ಮನೆಯ ಮೇಲೆ ಕೂರಿಸಿ. ಬಿಲ್ಲೇ ಇಲ್ಲದ ಮನೆಗಳು ಬೀದಿ ಬೀದಿಯಲ್ಲಿ ಎದ್ದು ಕಾಣುತ್ತವೆ. ಎಲ್ಲವೂ ಕಳ್ಳ ಸಂಪರ್ಕ ಅಂದುಕೊಂಡು ನುಗ್ಗಬೇಡಿ, ಎಷ್ಟೋ ಮನೆಯವರು ಬೋರ್‌ವೆಲ್ ಮೇಲಿರುತ್ತಾರೆ.

ನಮ್ಮ ನಲ್ಲೀಲಿ ಕೊಳಚೆ ವಾಸನೆ. ಪೈಪು ಎಲ್ಲೂ ಒಡೆದಿಲ್ಲ ಅಂತಾರೆ. ಇದಕ್ಕೆ ನಕ್ಷೆ ಏನ್ ಮಾಡುತ್ತೆ?

ನೀರು ದಿನಾ ಇಡೀ ದಿನ ಬರುತ್ತಿದ್ದರೆ ಪೈಪಿನ ಒತ್ತಡ ಕೊಳಕನ್ನು ಹೊರಗೇ ಇಡುತ್ತದೆ. ನಮ್ಮ ಬಹಳ ಊರುಗಳಲ್ಲಿ ನೀರು ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ. ನೀರು ನಿಂತಾಗ ಖಾಲಿ ಪೈಪು ಸಣ್ಣ ತೂತಿನಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ನೀರಿನ ಪೈಪಿನ ಪದರದ ಮೇಲೆ ಯುಜಿಡಿ (ಒಳಚರಂಡಿ) ಪದರ ಇಟ್ಟರೆ, ಎರಡೂ ಒಂದನ್ನೊಂದು ದಾಟುವ ಜಾಗಗಳು ಸಿಗುತ್ತವೆ. ಅದರ ಮೇಲೆ ದೂರು ಕೊಟ್ಟ ಮನೆಗಳನ್ನು ಇಡಿ. 40 ಮನೆ ದೂರಿದರೂ ಅಗೆದು ನೋಡಬೇಕಾದ ಜಾಗ ಎರಡೋ ಮೂರೋ ಉಳಿಯುತ್ತವೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮನೆ ಸಂಪರ್ಕ ಚರಂಡಿಯೊಳಗೇ ಹಾದಿರುವ ಕಡೆ ಮೊದಲು ನೋಡಿ. ದೊಡ್ಡ ಪೈಪಿಗಿಂತ ಅದೇ ಜಾಸ್ತಿ ಕೈಕೊಡುವುದು.

ಎಲ್ಲಕ್ಕಿಂತ ಹಳೆ ಪೈಪನ್ನೇ ಮೊದಲು ಬದಲಾಯಿಸಬೇಕಲ್ವಾ?

ಕೇಳಲು ಸರಿ ಅನ್ನಿಸುತ್ತದೆ, ಆದರೆ ಅಲ್ಲ. ದಪ್ಪ ಗೋಡೆಯ ಹಳೆ ಬೀಡು ಕಬ್ಬಿಣ, ಒಳ್ಳೆ ಮಣ್ಣಿನಲ್ಲಿ, ಮೇಲೆ ಲಾರಿ ಓಡದ ಬೀದಿಯಲ್ಲಿ ಕೂತಿದ್ದರೆ ನಮ್ಮ ನಿಮ್ಮ ಕಾಲದ ನಂತರವೂ ಇರುತ್ತದೆ. ಕಳಪೆಯಾಗಿ ಜಾಯಿಂಟ್ ಮಾಡಿದ ಪಿವಿಸಿ ಹದಿನೈದೇ ವರ್ಷಕ್ಕೆ ಸಾಕು ಸಾಕು ಮಾಡುತ್ತದೆ. ವಯಸ್ಸು ನೋಡುವ ಬದಲು ಕ್ಲಾಂಪ್ (ಒಡೆದ ಕಡೆ ಬಿಗಿಯುವ ಪಟ್ಟಿ) ಎಣಿಸಿ. ಒಂದು ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ರಿಪೇರಿ ಅನ್ನುವುದೇ ಮುಖ್ಯ ಅಂಕಿ.

ಎಣಿಸುವಾಗ ಕೇಬಲ್‌ನವರು, ರಸ್ತೆಯವರು ಜೆಸಿಬಿಯಿಂದ ಒಡೆದದ್ದನ್ನು ಬೇರೆ ಇಡಿ. ಅದು ಪೈಪಿನ ತಪ್ಪಲ್ಲ. ದೂರುಗಳ ಸಂಖ್ಯೆಯನ್ನೂ ಹಾಗೇ ನಂಬಬೇಡಿ. ಫೋನ್ ಮಾಡಿದರೆ ಕೆಲಸ ಆಗುತ್ತೆ ಅಂತ ಗೊತ್ತಿರುವ ಬಡಾವಣೆ ನಕ್ಷೆಯಲ್ಲಿ ಕೆಂಪಗೆ ಕಾಣುತ್ತದೆ. ಯಾರಿಗೆ ಹೇಳಿ ಏನು ಪ್ರಯೋಜನ ಅಂತ ಸುಮ್ಮನಿರುವ ಕೊಳಗೇರಿ ಹಸಿರಾಗಿರುತ್ತದೆ. ನಾನು ನೋಡಿದ ಬಣ್ಣಬಣ್ಣದ ದೂರು ನಕ್ಷೆಗಳಲ್ಲಿ ಹೆಚ್ಚಿನವು ಪೈಪಿನ ಸ್ಥಿತಿಗಿಂತ ಜನರ ಪ್ರಭಾವವನ್ನೇ ತೋರಿಸುತ್ತಿದ್ದವು. ಇಷ್ಟಾದ ಮೇಲೆ, ಒಡೆದರೆ ಯಾರಿಗೆ ತೊಂದರೆ ಅಂತ ನೋಡಿ. ಡಯಾಲಿಸಿಸ್ ಘಟಕಕ್ಕೆ ಹೋಗುವ ಪೈಪು ವರ್ಷಕ್ಕೊಮ್ಮೆ ಒಡೆದರೂ ಸಾಲಿನಲ್ಲಿ ಮುಂದೆ ಬರಬೇಕು.

ನಮ್ಮ ಪೈಪು ಒಡೆಯೋರೇ ಬೇರೆ ಇಲಾಖೆಯವರು. ಅವರನ್ನ ತಡೆಯೋದು ಹೇಗೆ?

2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಟ್ಟಿದೆ. ಅಗೆಯುವವರು ಅದರಲ್ಲಿ ಜಾಗ ತಿಳಿಸಬೇಕು, ಅಲ್ಲಿ ಪೈಪು ಕೇಬಲ್ ಇರುವವರಿಗೆ ಸಂದೇಶ ಹೋಗುತ್ತದೆ. ಆದರೆ 'ಹೌದು, ಅಲ್ಲಿ ನಮ್ಮ ಪೈಪಿದೆ' ಅಂತ ಹೇಳಲು ನಿಮ್ಮ ಹತ್ತಿರ ನಕ್ಷೆ ಇರಬೇಕಲ್ಲ.

ಡಿಎಂಎ ಮಾಡಿದ್ರೆ ಲೀಕ್ ತಾನಾಗೇ ಗೊತ್ತಾಗುತ್ತಂತೆ, ನಿಜಾನಾ?

ತಾನಾಗೇ ಅಲ್ಲ. ಡಿಎಂಎ ಅಂದರೆ ಊರಿನ ಒಂದು ತುಂಡನ್ನು ಗಡಿ ವಾಲ್ವ್‌ಗಳಿಂದ ಮುಚ್ಚಿ, ನೀರು ಒಂದೇ ಬಾಯಿಯಿಂದ ಒಳಗೆ ಬರುವ ಹಾಗೆ ಮಾಡಿ, ಅಲ್ಲೊಂದು ಮೀಟರ್ ಇಡುವುದು. ಉದಾಹರಣೆಗೆ 1,000 ಸಂಪರ್ಕ ಇವೆ ಅನ್ನಿ. ರಾತ್ರಿ ಎರಡರಿಂದ ನಾಲ್ಕರ ನಡುವೆ ಗಂಟೆಗೆ 12,000 ಲೀಟರ್ ಒಳಗೆ ಬರುತ್ತಿದೆ. ಆ ಹೊತ್ತಿನ ನಿಜವಾದ ಬಳಕೆ ಮನೆಗೆ ಎರಡು ಲೀಟರ್ ಹಿಡಿದರೂ 2,000 ಲೀಟರ್. ಮಿಕ್ಕ 10,000 ಮಣ್ಣಿಗೆ. ದಿನಕ್ಕೆ 2.4 ಲಕ್ಷ ಲೀಟರ್, ಅಂದರೆ 6,000 ಲೀಟರಿನ 40 ಟ್ಯಾಂಕರ್. ಹಗಲಲ್ಲಿ ಒತ್ತಡ ಇಳಿಯುವುದರಿಂದ ಸ್ವಲ್ಪ ಕಮ್ಮಿ ಹಿಡಿಯಿರಿ.

ಈ ಲೆಕ್ಕ ನಮ್ಮಲ್ಲಿ ಎಡವುವುದು ಸಂಪಿನ ಹತ್ತಿರ. ರಾತ್ರಿ ನೀರು ಬಿಟ್ಟರೆ ಸಂಪುಗಳು ರಾತ್ರಿಯೇ ತುಂಬಿಕೊಳ್ಳುತ್ತವೆ, ಬಳಕೆಯೂ ಸೋರಿಕೆಯಂತೆ ಕಾಣುತ್ತದೆ. ಹಾಗಾಗಿ ಎಡೆಬಿಡದೆ ನೀರು ಬರುವ ಕಡೆ, ಇಲ್ಲವೇ ಪರೀಕ್ಷೆಗೆಂದೇ ಎರಡು ಮೂರು ದಿನ ಬಿಡದೆ ನೀರು ಕೊಟ್ಟು ಇದನ್ನು ಮಾಡಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಲ್ಲಿ 24 ಗಂಟೆ ನೀರು ಕೊಟ್ಟು ತೋರಿಸಿದಾಗ, ಅಲ್ಲಿನ ಹಳೆ ಜಾಲವನ್ನು ತೇಪೆ ಹಾಕದೆ ಹೊಸದಾಗೇ ಹಾಕಿದ್ದರು. ಅಲ್ಲಿ ಮೀಟರ್ ಲೆಕ್ಕ ಸರಿಹೊಂದಲು ಅದೂ ಒಂದು ಕಾರಣ. ಡಿಎಂಎ ಹೇಳುವುದು 'ಈ ತುಂಡಿನಲ್ಲಿ ಸೋರುತ್ತಿದೆ' ಅಂತ. ಯಾವ ಬೀದಿ ಅಂತ ತಿಳಿಯಲು ರಾತ್ರಿ ಕೋಲು ಹಿಡಿದು ಪೈಪಿನ ಸದ್ದು ಕೇಳುವವರೇ ಬೇಕು.

## ಪಳಗಿದವರಿಗೆ

ಪರದೆ ಮೇಲೆ ಪೈಪು ಕೂಡಿದೆ, ಇಪಿಎನೆಟ್ ಮಾತ್ರ ಕೂಡಿಲ್ಲ ಅನ್ನುತ್ತೆ!

ದೊಡ್ಡದು ಮಾಡಿ ನೋಡಿ, ಇನ್ನೂ ದೊಡ್ಡದು ಮಾಡಿ. ಎರಡು ಗೆರೆಗಳ ನಡುವೆ ಮೂರು ಸೆಂಟಿಮೀಟರ್ ಸಂದು ಸಿಗುತ್ತದೆ. ಗೆರೆ ಎಳೆಯುವಾಗ ಸ್ನ್ಯಾಪಿಂಗ್ (ತುದಿಗೆ ತುದಿ ತಾನಾಗೇ ಅಂಟಿಸುವ ಸೌಲಭ್ಯ) ಹಾಕಿರಲಿಲ್ಲ. ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಒಂದು ಪೈಪು ಇನ್ನೊಂದರ ಕೆಳಗೆ ಸುಮ್ನೆ ಹಾದುಹೋಗಿರುತ್ತದೆ, ನೀವು ದಾಟುವ ಕಡೆಯಲ್ಲೆಲ್ಲ ಜಂಕ್ಷನ್ ಹಾಕಿರುತ್ತೀರಿ. ಮಾಡೆಲ್ ಚೆನ್ನಾಗಿ ಓಡುತ್ತದೆ, ಉತ್ತರ ಪೂರ್ತಿ ತಪ್ಪು.

ಅಗಲದ ಕಾಲಂ ಇನ್ನೊಂದು ಬಲೆ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನ 110 ಎಂಎಂ ಅಂದರೆ ಹೊರಗಿನ ಅಳತೆ. ಒತ್ತಡದ ದರ್ಜೆಗೆ ತಕ್ಕಂತೆ ಒಳಗೆ 97 ಎಂಎಂ ಆಸುಪಾಸು ಇರಬಹುದು. 100 ಎಂಎಂ ಡಿಐಗಿಂತ ಇದು ದೊಡ್ಡದು ಅಂತ ಮಾಡೆಲ್ ಅಂದುಕೊಳ್ಳದಿರಲಿ.

ಮಾಡೆಲ್‌ನಲ್ಲಿ ಒತ್ತಡ 15 ಮೀಟರ್. ಮನೆಯವರು ಮೊದಲ ಮಹಡಿಗೂ ನೀರು ಏರಲ್ಲ ಅಂತಾರೆ. ಯಾರು ಸರಿ?

ಮನೆಯವರು. ಒತ್ತಡವನ್ನು ನೀರು ಏರಬಲ್ಲ ಎತ್ತರದ ಮೀಟರಿನಲ್ಲಿ ಹೇಳುತ್ತಾರೆ. ನೆಲಮಹಡಿಗೆ 7, ಎರಡು ಅಂತಸ್ತಿಗೆ 12, ಮೂರಕ್ಕೆ 17 ಮೀಟರ್ ಬೇಕು ಅಂತ ಕೇಂದ್ರದ 1999ರ ಕೈಪಿಡಿ ಹೇಳುತ್ತದೆ. ಆ ಲೆಕ್ಕದಲ್ಲಿ 15 ಇದ್ದರೆ ಏರಲೇಬೇಕು. ಏರುತ್ತಿಲ್ಲ ಅಂದರೆ ಮಾಡೆಲ್‌ಗೆ ನಾವು ಕೊಟ್ಟದ್ದರಲ್ಲಿ ತಪ್ಪಿದೆ. ಮೊದಲ ಅನುಮಾನ ತುಕ್ಕಿನ ಮೇಲೆ. ಹಳೆ ಕಬ್ಬಿಣದ ಪೈಪಿನೊಳಗೆ ತುಕ್ಕು ಗಂಟುಗಂಟಾಗಿ ಬೆಳೆದಿರುತ್ತದೆ. ನಕ್ಷೆಯಲ್ಲಿ ಆರಿಂಚು, ಒಳಗೆ ನಾಲ್ಕಿಂಚು. ಅಷ್ಟು ಸಣ್ಣದಾದರೆ ಅದೇ ಒತ್ತಡದಲ್ಲಿ ಮೂರನೇ ಒಂದರಷ್ಟೇ ನೀರು ಹೋಗುತ್ತದೆ. ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳುವ ಹೇಜನ್-ವಿಲಿಯಮ್ಸ್ ಸಂಖ್ಯೆಯನ್ನು ಹೊಸ ಪೈಪಿನಂತೆ 130 ಅಂತ ಬಿಟ್ಟಿದ್ದೀರಾ ನೋಡಿ. ಹಳೆಯದಕ್ಕೆ 60, 80 ಹಾಕಿ ಓಡಿಸಿ.

ಎರಡನೆಯದು ನೆಲದ ಎತ್ತರ. ಉಪಗ್ರಹದಿಂದ ಪುಕ್ಕಟೆ ಸಿಗುವ ಎತ್ತರದ ಕಡತದಲ್ಲಿ ಮರದ ತಲೆ, ಮನೆಯ ತಾರಸಿಯೂ ಸೇರಿರುತ್ತವೆ. ಕೆಲವು ಮೀಟರ್ ತಪ್ಪು ಸಾಮಾನ್ಯ. 15ರಲ್ಲಿ ಐದು ತಪ್ಪಿದರೆ ಉಳಿಯುವುದೇನು? ಇದರ ಮೇಲೆ ಪೈಪಿಗೇ ಮೋಟಾರ್ ಹಾಕಿ ಎಳೆಯುವ ನೆರೆಮನೆಯವರು ಇದ್ದೇ ಇರುತ್ತಾರೆ. ಇಪಿಎನೆಟ್ ಪೈಪು ಯಾವಾಗಲೂ ತುಂಬಿದೆ ಅಂದುಕೊಂಡೇ ಲೆಕ್ಕ ಹಾಕುತ್ತದೆ. ನಮ್ಮ ಪೈಪು ನೀರು ಬಿಟ್ಟ ಮೊದಲ ಒಂದು ಗಂಟೆ ತುಂಬಿಕೊಳ್ಳುತ್ತಲೇ ಇರುತ್ತದೆ. 2020ರ 2.2 ಆವೃತ್ತಿಯಲ್ಲಿ ಒತ್ತಡ ಕಮ್ಮಿಯಾದರೆ ಬಳಕೆಯೂ ಕಮ್ಮಿಯಾಗುವ ಲೆಕ್ಕ ಬಂದಿದೆ, ಅದನ್ನು ಬಳಸಿ. ಎಲ್ಲಕ್ಕಿಂತ ಮೊದಲು ಪ್ರೆಷರ್ ಗೇಜ್ ತೆಗೆದುಕೊಂಡು ನೀರು ಬಿಡುವ ಹೊತ್ತಿಗೆ ಹತ್ತು ಮನೆಯ ನಲ್ಲಿಗೆ ಕಟ್ಟಿ ನೋಡಿ.

ಯಾವ ಪೈಪು ಮುಂದೆ ಒಡೆಯುತ್ತೆ ಅಂತ ಎಐ ಹೇಳುತ್ತಂತೆ?

ಹತ್ತಾರು ವರ್ಷದ ಒಡೆತದ ದಾಖಲೆ, ದಿನಾಂಕ ಮತ್ತು ಜಾಗದ ಸಮೇತ ಇದ್ದರೆ ಒಳ್ಳೆಯ ಊಹೆ ಮಾಡುತ್ತದೆ. 'ಬಸ್ ಸ್ಟ್ಯಾಂಡ್ ಹತ್ತಿರ ಲೀಕ್ ಸರಿಪಡಿಸಲಾಯಿತು' ಅಂತ ಲಾಗ್‌ಬುಕ್ಕಿನಲ್ಲಿ ಬರೆದದ್ದಷ್ಟೇ ಇದ್ದರೆ ಏನೂ ಆಗದು. ಬಸ್ ಸ್ಟ್ಯಾಂಡಿನ ಯಾವ ಕಡೆ?

ಒಂದ್ಸಲ ಸರ್ವೆ ಮುಗಿದ್ಮೇಲೆ ನಕ್ಷೆ ಎಷ್ಟು ವರ್ಷ ಬಾಳುತ್ತೆ?

ತಿದ್ದದಿದ್ದರೆ ಎರಡು ವರ್ಷಕ್ಕೆ ಅದರ ಮೇಲಿನ ನಂಬಿಕೆ ಹೋಗುತ್ತದೆ. ಉಳಿಸಿಕೊಂಡ ಒಂದು ಊರಿನಲ್ಲಿ ಹೀಗೆ ಮಾಡುತ್ತಾರೆ. ರಿಪೇರಿಗೆ ಗುಂಡಿ ತೆಗೆದ ಮೇಲೆ, ಮಣ್ಣು ಮುಚ್ಚುವ ಮೊದಲು, ಮೂರು ಫೋಟೋ: ಪೈಪು ಮತ್ತು ಟೇಪು ಒಟ್ಟಿಗೆ ಕಾಣುವಂತೆ ಒಂದು, ಒಡೆದ ಜಾಗದ್ದು ಒಂದು, ಹಿಂದೆ ಯಾವುದಾದರೂ ಕಟ್ಟಡ ಕಾಣುವಂತೆ ಒಂದು. ಆಳ, ಪೈಪಿನ ಜಾತಿ, ಹಾಕಿದ ಕ್ಲಾಂಪು ಫೋನಿನಲ್ಲಿ ತುಂಬುತ್ತಾರೆ. ಅದು ಕಚೇರಿಗೆ ಬಂದರೆ ಮಾತ್ರ ಗುತ್ತಿಗೆದಾರರ ಬಿಲ್ ಪಾಸಾಗುತ್ತದೆ. ಮೊದಲ ತಿಂಗಳು ಎಲ್ಲರೂ ಗೊಣಗಿದರು. ಮೂರನೇ ತಿಂಗಳಿಗೆ ವಾಲ್ವ್‌ಮ್ಯಾನ್ ಒಬ್ಬರು ಕಚೇರಿಗೆ ಬಂದು ಅಲ್ಲಿ ನಕ್ಷೆ ತಿದ್ದುವವರಿಗೆ, 'ಮೇಡಂ, ಮಾರ್ಕೆಟ್ ರಸ್ತೇಲಿ ನೀವು ಗೆರೆ ತಪ್ಪಾಗಿ ಎಳೆದಿದ್ದೀರ, ಅಲ್ಲಿ ಟೀ ಜಾಯಿಂಟ್ ಐತೆ' ಅಂತ ಕಂಪ್ಯೂಟರ್ ಪರದೆಗೆ ಬೆರಳಿಟ್ಟು ತೋರಿಸಿದರು.